ಮಿಲ್ಟ್ರಿ ಮೇಸ್ತ್ರಿ ಬಗ್ಗೆ ಇನ್ನೂ ನಾಲ್ಕು ಮಾತು

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ತಿಂಗಳು ನಿಮ್ಮ ಪತ್ರಿಕೆ ಜಿಲ್ಲಾ ಪುಟದಲ್ಲಿ ಶಿವಮೊಗ್ಗದ ಒಬ್ಬ ಮಾಜಿ ಸೈನಿಕರು ತೀರ್ಕೊಂಡ ಸುದ್ದಿ ಬಂದಿತ್ತು. ಸಣ್ಣ ಫೋಟೋ, ಅದರ ಕೆಳಗೆ ನಾಲ್ಕು ಸಾಲು, 76 ವರ್ಷ, 1971ರ ಯುದ್ಧದಲ್ಲಿ ಇದ್ದರು, ಇಬ್ಬರು ಹೆಣ್ಣುಮಕ್ಕಳು ಒಬ್ಬ ಮಗ ಇದ್ದಾರೆ ಅಂತ. ಹಾಕಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸಾರ್, ಆ ಕಟಿಂಗ್ ನನ್ನ ಗ್ಯಾರೇಜ್ ಗೋಡೆ ಮೇಲೆ ಅಂಟ್ಸಿದೀನಿ. ಆದ್ರೆ ಅವರು ಆರ್ಮೀಲಿ ಇದ್ದಿದ್ದು 17 ವರ್ಷ, ಅಲ್ಲಿಂದ ಬಂದ್ಮೇಲೆ ಹತ್ರ ಹತ್ರ ನಲವತ್ತು ವರ್ಷ ಶಿವಮೊಗ್ಗದಲ್ಲಿ ಗಾಡಿ ರಿಪೇರಿ ಮಾಡಿದ್ರು, ನನ್ನಂಥ ಎಷ್ಟೋ ಹುಡುಗ್ರಿಗೆ ಕೆಲಸ ಕಲಿಸಿದ್ರು, ಕಾಯಿಲೆ ಬಿದ್ದ ಹೆಂಡ್ತೀನ ಎಂಟು ವರ್ಷ ಮಗು ಥರ ನೋಡ್ಕಂಡ್ರು, ಇದ್ಯಾವ್ದೂ ಆ ನಾಲ್ಕು ಸಾಲಲ್ಲಿ ಬರ್ಲಿಲ್ಲ. ಬರೋಕೆ ಜಾಗಾನೂ ಇರಲ್ಲ ಬಿಡಿ, ಅದು ನಂಗೂ ಗೊತ್ತು. ಅದಕ್ಕೇ ಈ ಪತ್ರ. ಉದ್ದ ಆಗ್ಬೋದು, ದಯವಿಟ್ಟು ಕತ್ತರಿ ಹಾಕದೆ ಹಾಕಿ.

ಹೆಸರು ಬರೀತಾ ಇಲ್ಲ, ಮನೆಯೋರಿಗೆ ಅದು ಇಷ್ಟ ಇಲ್ಲ. ಸಾಗರ ರಸ್ತೆ ಆಟೋ ಕಾಂಪ್ಲೆಕ್ಸ್‌ನಲ್ಲಿ ಅವರ ನಿಜವಾದ ಹೆಸರು ಹೇಳಿ ಕೇಳಿದ್ರೆ ಅರ್ಧ ಜನಕ್ಕೆ ಗೊತ್ತೇ ಆಗಲ್ಲ, ಮಿಲ್ಟ್ರಿ ಮೇಸ್ತ್ರಿ ಅಂದ್ರೆ ಟೀ ಅಂಗಡಿ ಹುಡುಗನೂ ಕರ್ಕಂಡು ಹೋಗಿ ತೋರಿಸ್ತಿದ್ದ.

ಮೇಸ್ತ್ರಿ ಮೂಲ ಶರಾವತಿ ಕಣಿವೆ. ಲಿಂಗನಮಕ್ಕಿ ಡ್ಯಾಮ್ 1964ರಲ್ಲಿ ಮುಗೀತಲ್ಲ, ಅದರಲ್ಲಿ ಮನೆ ತೋಟ ಎಲ್ಲ ಮುಳುಗಿ ಎದ್ದು ಬಂದ ಕುಟುಂಬಗಳಲ್ಲಿ ಅವರದ್ದೂ ಒಂದು. ಸಾಮಾನು, ದನ, ಅಜ್ಜಿ, ಮಕ್ಕಳು ಎಲ್ಲ ಒಂದೇ ಲಾರೀಲಿ ಹಾಕ್ಕಂಡು ಶಿವಮೊಗ್ಗ ಕಡೆ ಕಾಡಂಚಿಗೆ ಬಂದ್ರಂತೆ. ದಾರೀಲಿ ಲಾರಿ ಕೆಟ್ಟು ನಿಂತಿತ್ತಂತೆ, ಮನೆಯೋರೆಲ್ಲ ಅಳ್ತಾ ಕೂತಿದ್ರೆ ಇವ್ರು ಮಾತ್ರ ಡ್ರೈವರ್ ಪಕ್ಕ ನಿಂತು ಬಾನೆಟ್ ಒಳಗೆ ಇಣುಕ್ತಾ ಇದ್ರಂತೆ, ಆಗ ಹದಿನಾಲ್ಕೋ ಹದಿನೈದೋ ವರ್ಷ. ಹೊಸ ಜಾಗದಲ್ಲಿ ಗದ್ದೆ ಇಲ್ಲ, ತೋಟ ಇಲ್ಲ, 1967ರಲ್ಲಿ ಆರ್ಮಿಗೆ ಸೇರಿದ್ರು. ಸಿಕಂದರಾಬಾದ್‌ನಲ್ಲಿ ಇಎಂಇ ಸೆಂಟರ್, ಅಲ್ಲೇ ವೆಹಿಕಲ್ ಮೆಕ್ಯಾನಿಕ್ ಟ್ರೇಡ್ ಕಲ್ತಿದ್ದು. ಇಎಂಇ ಅಂದ್ರೆ ಸೈನ್ಯದ ಗಾಡಿ, ಟ್ಯಾಂಕು, ರೇಡಿಯೋ, ತೋಪು ಎಲ್ಲ ರಿಪೇರಿ ಮಾಡಿ ಓಡ್ಸೋ ಸ್ಥಿತೀಲಿ ಇಡೋ ವಿಭಾಗ, 1943ರಲ್ಲಿ ಶುರುವಾಗಿದ್ದು. ಪ್ರತಿ ಅಕ್ಟೋಬರ್ 15ಕ್ಕೆ ಅದರ ದಿನಾಚರಣೆ, ಆವತ್ತು ಮೇಸ್ತ್ರಿ ಗ್ಯಾರೇಜಲ್ಲಿ ಎಲ್ರಿಗೂ ಮಸಾಲೆ ದೋಸೆ, ನಮಗೆ ಆಯುಧಪೂಜೆಗಿಂತ ಅದೇ ದೊಡ್ಡ ಹಬ್ಬ.

ಯುದ್ಧದ ಕಥೆ ಅವರು ಹೇಳ್ತಿದ್ದಿದ್ದು ಬಹಳ ಕಮ್ಮಿ. ಶಾಲೆಯೋರು ಸ್ವಾತಂತ್ರ್ಯ ದಿನಾಚರಣೆಗೆ ಕರೆದು ಭಾಷಣ ಮಾಡಿ ಅಂದ್ರೂ ಎರಡು ನಿಮಿಷಕ್ಕೆ ಮುಗಿಸಿ ಕೂತ್ಕಳೋರು. ನಾವು ಹುಡುಗ್ರು ಪೀಡಿಸಿ ಪೀಡಿಸಿ ಕೇಳಿದ್ದಕ್ಕೆ ಅಲ್ಪ ಸ್ವಲ್ಪ ಸಿಕ್ಕಿದ್ದು ಇಷ್ಟು. 1971ರ ಡಿಸೆಂಬರ್ 3ನೇ ತಾರೀಕು ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ಏರ್‌ಫೀಲ್ಡ್ ಮೇಲೆ ಬಾಂಬ್ ಹಾಕಿದಾಗ ಇವರ ಯೂನಿಟ್ ಆ ಕಡೇನೇ ಇತ್ತು. ಆಮೇಲೆ 17ನೇ ತಾರೀಕು ರಾತ್ರಿ 8 ಗಂಟೆಗೆ ಪಶ್ಚಿಮದ ಗಡೀಲಿ ಕದನ ವಿರಾಮ ಆಗೋವರೆಗೂ ನೆಟ್ಟಗೆ ನಿದ್ದೆ ಇಲ್ಲ. ಶಕ್ತಿಮಾನ್ ಲಾರಿ, ನಿಸ್ಸಾನ್ ಒನ್ ಟನ್, ಜೋಂಗಾ ಜೀಪು ಇವೇ ಗಾಡಿಗಳು, ಎಲ್ಲ ಜಬಲ್ಪುರದ ಫ್ಯಾಕ್ಟರೀದು. ರಾತ್ರಿ ಲೈಟ್ ಹಾಕಂಗಿಲ್ಲ, ಬೆಂಕಿಕಡ್ಡಿ ಕೂಡ ಗೀರಂಗಿಲ್ಲ, ತಾರ್ಪಾಲ್ ಒಳಗೆ ಮಲಗಿ ಕೈಯಲ್ಲೇ ಮುಟ್ಟಿ ನೋಡ್ಕಂಡು ನಟ್ಟು ಬಿಚ್ಚೋದು, ಕೈಯಲ್ಲೇ ಮುಟ್ಟಿ ಹಾಕೋದು. "ತೋಪು ಎಳ್ಯೋ ಗಾಡಿ ನಿಂತ್ರೆ ತೋಪೇ ನಿಂತಂಗೆ ಕಣಾ, ಅಲ್ಲಿ ಮುಂದೆ ಇರೋರು ನಮ್ಮ ಹುಡುಗ್ರು" ಅಷ್ಟೇ ಹೇಳೋರು. ಪಶ್ಚಿಮಿ ಸ್ಟಾರ್, ಸಂಗ್ರಾಮ್ ಮೆಡಲ್ ಎರಡೂ ಬೀರು ಒಳಗೆ ಒಂದು ಬಿಸ್ಕತ್ ಡಬ್ಬೀಲಿ ಇದ್ವು, ಹಾಕ್ಕಂಡಿದ್ದು ಮಕ್ಕಳ ಮದುವೇಲೂ ನೋಡಿಲ್ಲ.

ಆ ಕತ್ತಲ ಕೆಲಸ ಅವರು ನಮಗೂ ಕಲಿಸಿದ್ರು. ನಾನು 1995ರಲ್ಲಿ ಹತ್ತನೇ ಕ್ಲಾಸಲ್ಲಿ ಫೇಲಾಗಿ ತೀರ್ಥಹಳ್ಳಿ ಕಡೆಯಿಂದ ಅವರ ಹತ್ರ ಬಂದು ಸೇರ್ಕಂಡೆ. ಹೊಸ ಹುಡುಗ ಬಂದ್ರೆ ಮೊದಲ ಪಾಠ ಏನು ಅಂದ್ರೆ, ಒಂದು ಗೋಣಿ ಚೀಲದ ಮೇಲೆ ಪಾನಾಗಳನ್ನೆಲ್ಲ ಹರಡಿ "ಕಣ್ಮುಚ್ಚು, 12-13 ಕೊಡು, ಈಗ 14-15 ಕೊಡು" ಅನ್ನೋರು. ತಪ್ಪು ಕೊಟ್ರೆ ಬಯ್ಯೋರಲ್ಲ, ಮತ್ತೆ ಹರಡೋರು. ವಾರ ಆದ್ಮೇಲೆ ಬೆರಳೇ ಹೇಳತ್ತೆ. ಗೇರ್ ಬಾಕ್ಸ್ ಮೇಲ್ಗಡೆ ಕಣ್ಣಿಗೆ ಕಾಣದಿರೋ ಬೋಲ್ಟ್‌ಗೆ ಇವತ್ತೂ ನಾನು ಕೈ ಹಾಕ್ದಾಗ ಪಾನಾ ತಾನಾಗೇ ಕೂರತ್ತೆ ಅಂದ್ರೆ ಅದು ಮೇಸ್ತ್ರಿ ಕಲಿಸಿದ್ದು. ಇಂಜಿನ್ ಒಳಗಿನ ಸದ್ದು ಕೇಳೋಕೆ ಉದ್ದದ ಸ್ಕ್ರೂಡ್ರೈವರ್ ಒಂದು ತುದಿ ಬ್ಲಾಕಿಗೆ ಒತ್ತಿ ಹಿಡಿಕೆ ಕಿವಿಗೆ ಇಟ್ಕಂಡು ನಿಲ್ಲೋರು, ಕಣ್ಣು ಅರ್ಧ ಮುಚ್ಚಿ, ಆಗ ಗ್ಯಾರೇಜಲ್ಲಿ ಯಾರೂ ಮಾತಾಡಂಗಿಲ್ಲ. "ಮೂರ್ನೇ ಸಿಲಿಂಡರ್ ಟ್ಯಾಪೆಟ್" ಅಂದ್ರೆ ಅಷ್ಟೇ, ಬಿಚ್ಚಿ ನೋಡಿದ್ರೆ ಅದೇ ಇರ್ತಿತ್ತು.

ಆರ್ಮಿಯಿಂದ 1984ರಲ್ಲಿ ಹವಾಲ್ದಾರ್ ಆಗಿ ರಿಟೈರ್ ಆಗಿ ಬಂದೋರು ಮೊದಲು ಒಂದು ಖಾಸಗಿ ಬಸ್ ಕಂಪ್ನಿ ವರ್ಕ್‌ಶಾಪಲ್ಲಿ ಇದ್ರು, ಆಮೇಲೆ ಸ್ವಂತ ಗ್ಯಾರೇಜ್ ಮಾಡಿದ್ರು. ನಮ್ಮ ಮಲ್ನಾಡಲ್ಲಿ ಗಾಡಿ ಕೆಲಸ ಅಂದ್ರೆ ಬಯಲುಸೀಮೆ ಥರ ಅಲ್ಲ ಸಾರ್. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಕೆಂಪು ಕೆಸರು, ಒಂದು ಕಡೆ ಅಡಿಕೆ ಮೂಟೆ ಹೇರಿರೋ ಜೀಪು ಇನ್ನೊಂದು ಕಡೆ ಆಗುಂಬೆ ಘಾಟಿ 14 ತಿರುವು. ಕಮಾನ್ ಪಟ್ಟಿ ಮುರಿಯೋದು, ಬ್ರೇಕ್ ಡ್ರಮ್ಮಿಗೆ ನೀರು ಹೋಗೋದು, ಕ್ಲಚ್ ಪ್ಲೇಟ್ ಸುಡೋದು ಇದೇ ಕೆಲಸ. ಮೇಸ್ತ್ರಿ ಪ್ರತಿ ವರ್ಷ ಮೇ ತಿಂಗಳು ಬಂತು ಅಂದ್ರೆ ತಮ್ಮ ಗಿರಾಕಿಗಳಿಗೆಲ್ಲ ತಾವೇ ಫೋನ್ ಮಾಡೋರು, ಗಾಡಿ ತನ್ನಿ ಬ್ರೇಕ್ ಆಯಿಲ್ ಬದಲಾಯಿಸ್ಬೇಕು ಅಂತ. ದುಡ್ಡಿನ ಆಸೆ ಅಂತ ಕೆಲವ್ರು ಅಂದ್ಕಂಡಿದ್ದೂ ಉಂಟು. ಬ್ರೇಕ್ ಆಯಿಲ್ ಗಾಳೀಲಿರೋ ನೀರು ಹೀರ್ಕಳತ್ತೆ, ಘಾಟಿ ಇಳಿವಾಗ ಡ್ರಮ್ ಕಾದು ಆ ನೀರು ಆವಿ ಆಗತ್ತೆ, ಆಗ ಪೆಡಲ್ ಒತ್ತಿದ್ರೆ ಮೆತ್ತಗೆ ಕೆಳಗೆ ಹೋಗ್ಬಿಡತ್ತೆ, ಗಾಡಿ ನಿಲ್ಲಲ್ಲ. ಇದನ್ನ ಓದಿಲ್ಲದ ಡ್ರೈವರ್‌ಗೂ ಅರ್ಥ ಆಗೋ ಥರ ಕೂರಿಸ್ಕಂಡು ಹೇಳೋರು, ಚಹಾ ಕುಡಿಸಿ ಹೇಳೋರು. ದುಡ್ಡು ಇಲ್ಲ ಅಂದ್ರೆ ಆಯಿಲ್ ಕಾಸು ಮಾತ್ರ ಇಸ್ಕಳೋರು.

ಬ್ರೇಕ್ ಪೈಪಲ್ಲಿ ಸೇರಿರೋ ಗಾಳಿ ತೆಗೆಯೋದಕ್ಕೆ ಬ್ಲೀಡಿಂಗ್ ಅಂತೀವಿ, ಅದನ್ನ ಮಾಡುವಾಗ ಅವರ ಚಿಕ್ಕ ಮಗಳು ಭಾನುವಾರ ಆದ್ರೆ ಬಂದು ಡ್ರೈವರ್ ಸೀಟಲ್ಲಿ ಕೂರ್ತಿದ್ಲು, ಕಾಲು ಪೆಡಲ್‌ಗೆ ಎಟುಕ್ತಾ ಇರ್ಲಿಲ್ಲ, ನಿಂತ್ಕಂಡೇ ಒತ್ತೋಳು. ಮೇಸ್ತ್ರಿ ಕೆಳಗಿಂದ "ಹೊಡಿ, ಹೊಡಿ, ಹೊಡಿ, ಹಿಡ್ಕಾ" ಅನ್ನೋರು, ನಿಪ್ಪಲ್ ಲೂಸ್ ಮಾಡಿ ಗಾಳಿ ಗುಳ್ಳೆ ಹೋಗೋದು ನೋಡೋರು, "ಬಿಡಬೇಡ ಕಣವ್ವಾ" ಅನ್ನೋರು, ಟೈಟ್ ಮಾಡಿ "ಹಾಂ ಈಗ ಬಿಡು". ಇಬ್ಬರು ಹೆಣ್ಮಕ್ಕಳಿಗೂ ಟಯರ್ ಬದಲಾಯಿಸೋದು, ಫ್ಯಾನ್ ಬೆಲ್ಟ್ ಹಾಕೋದು, ಜೀಪ್ ಓಡ್ಸೋದು ಕಲಿಸಿದ್ರು. ಗಂಡು ಮಗನಿಗೆ ಅಡಿಗೆ ಕಲಿಸಿದ್ರು, ಅದಕ್ಕೆ ಮೇಸ್ತ್ರಿ ಹೆಂಡ್ತಿ ನಗೋರು. ದೊಡ್ಡ ಮಗಳು ಡಿಪ್ಲೊಮಾ ಮಾಡಿದ್ಲು, ಚಿಕ್ಕೋಳು ನರ್ಸ್, ಮಗ ಬ್ಯಾಂಕಲ್ಲಿ ಇದಾನೆ. ಮಕ್ಕಳ ಶಾಲೆ ಮೀಟಿಂಗ್ ಇದ್ರೆ ಎಂಥಾ ದೊಡ್ಡ ಗಿರಾಕಿ ಗಾಡಿ ಬಿಚ್ಚಿಟ್ಟಿದ್ರೂ ಕೈ ತೊಳ್ಕಂಡು ಹೋಗೋರು.

ಮೇಸ್ತ್ರಿ ಹೆಂಡ್ತೀನ ನಾವೆಲ್ಲ ಅಮ್ಮ ಅಂತಾನೇ ಕರೀತಿದ್ದಿದ್ದು. ನಾನು ಹೊಸದಾಗಿ ಬಂದಾಗ ಮಧ್ಯಾಹ್ನ ಊಟ ಅವರ ಮನೇಲೇ, ಅಕ್ಕಿ ರೊಟ್ಟಿ, ಮಿಡಿ ಉಪ್ಪಿನಕಾಯಿ, ಮಳೆಗಾಲ ಆದ್ರೆ ಕೆಸುವಿನ ಪತ್ರೊಡೆ. ಹುಡುಗ್ರಿಗೆ ಬಡಿಸದೆ ಅವರು ಕೂತವರಲ್ಲ. 2009ರಲ್ಲಿ ಅಮ್ಮಂಗೆ ಲಕ್ವ ಹೊಡೀತು, ಬಲಗೈ ಬಲಗಾಲು ಹೋಯ್ತು, ಮಾತು ತೊದಲಿಕೆ. ಆಗ ಮೇಸ್ತ್ರಿಗೆ 60. ಮಕ್ಕಳು ಬೆಂಗ್ಳೂರಿಗೆ ಬನ್ನಿ ಅಂದ್ರು, ಹೋಮ್ ನರ್ಸ್ ಇಡೋಣ ಅಂದ್ರು, ಇವ್ರು ಒಪ್ಲಿಲ್ಲ. ಅಮ್ಮನ ಸ್ನಾನ, ಬಟ್ಟೆ, ತಲೆ ಬಾಚೋದು, ಊಟ ಮಾಡ್ಸೋದು ಎಲ್ಲ ಇವರೇ. ಗ್ರೀಸ್ ಹಿಡಿದ ಆ ದಪ್ಪ ಬೆರಳಲ್ಲಿ ಜಡೆ ಹೆಣೆಯೋಕೆ ಕಲ್ತ್ರು, ಜಡೆ ಮೊದಮೊದಲು ಸಡಿಲ ಆಗ್ತಿತ್ತು ಅಮ್ಮ ಎಡಗೈಯಲ್ಲಿ ಬಿಚ್ಚಿ ಮತ್ತೆ ಹಾಕಿ ಅನ್ನೋರು, ಇವ್ರು ಮತ್ತೆ ಹಾಕೋರು. ಗ್ಯಾರೇಜ್ ಬಾಗಿಲು ತೆಗೆಯೋದು ಅವತ್ತಿಂದ ಹತ್ತು ಗಂಟೆಗೆ ಆಯ್ತು, ಒಂದು ಗಂಟೆಗೆ ಮನೆಗೆ. ಗಿರಾಕಿಗಳು ಯಾರೂ ಬೇಜಾರು ಮಾಡ್ಕಳ್ಲಿಲ್ಲ ಅನ್ನೋದು ಹೇಳ್ಬೇಕು, ನಮ್ಮೂರಿನ ಜನ ಒಳ್ಳೆಯೋರು.

ಆಗ ಸಿಗ್ತಿದ್ದ ಗಾಲಿ ಕುರ್ಚಿ ಅವರ ಮನೆ ಅಂಗಳದಲ್ಲಿ ಓಡ್ತಾ ಇರ್ಲಿಲ್ಲ, ಮುಂದಿನ ಚಕ್ರ ಚಿಕ್ಕದು, ಮಣ್ಣಲ್ಲಿ ಹೂತ್ಕಳೋದು. ಮೇಸ್ತ್ರಿ ಒಂದು ದಾರ ತಗಂಡು ಮಂಚದ ಎತ್ತರ ಅಳತೆ ಮಾಡಿದ್ರು, ಅಮ್ಮನ ಮೊಣಕಾಲಿನಿಂದ ಪಾದದವರೆಗೆ ಅಳತೆ ಮಾಡಿದ್ರು, ಗುಜರಿಯಿಂದ ಎರಡು ಲೂನಾ ಚಕ್ರ ತಂದ್ರು, ಪೈಪ್ ಬಗ್ಗಿಸಿ ಫ್ರೇಮ್ ಮಾಡಿದ್ರು, ವೆಲ್ಡಿಂಗ್ ನಾನೇ ಮಾಡ್ದೆ. ಕೂರೋ ಜಾಗಕ್ಕೆ ಬಸ್ ಸೀಟಿನ ಫೋಮು, ಹಿಂದೆ ಸೈಕಲ್ ಬ್ರೇಕು. ಎಡಗಡೆ ಕೈ ಇಡೋ ಪಟ್ಟಿ ಮಾತ್ರ ಒಂದು ಪಿನ್ ಎಳೆದ್ರೆ ಬಿಚ್ಚಿ ಬರೋ ಹಾಗೆ, ಯಾಕಂದ್ರೆ ಮಂಚದಿಂದ ಕುರ್ಚಿಗೆ ಅಮ್ಮನ್ನ ಎತ್ತೋದು ಬೇಡ ಜರುಗಿಸಿದ್ರೆ ಸಾಕು. ಕುರ್ಚಿ ರೆಡಿ ಆದ್ಮೇಲೆ ಮೇಸ್ತ್ರಿ ಮೊದಲು ತಾವು ಕೂತು ನನ್ನ ಕೈಲಿ ಅಂಗಳ ಪೂರ್ತಿ ಸುತ್ತಿಸಿ ಎಲ್ಲೆಲ್ಲಿ ಕುಲುಕತ್ತೆ ನೋಡ್ಕಂಡು ಆ ಜಾಗಕ್ಕೆಲ್ಲ ಜಲ್ಲಿಪುಡಿ ಹಾಕ್ಸಿದ್ರು. ಅಮ್ಮ 2017ರಲ್ಲಿ ತೀರ್ಕಳೋವರೆಗೂ ದಿನಾ ಸಂಜೆ ಆ ಕುರ್ಚೀಲಿ ಗೇಟಿನ ತನಕ, ಬೀದೀಲಿ ಯಾರಾದ್ರೂ ಸಿಕ್ರೆ ಮಾತು. ಈಗ ಆ ಕುರ್ಚಿ ಪಕ್ಕದ ಬೀದಿ ಒಬ್ಬ ಅಜ್ಜನಿಗೆ ಕೊಟ್ಟಿದಾರೆ.

ಇಷ್ಟು ಅವರ ಬಗ್ಗೆ. ಇನ್ನು ನಾನು ಈ ಪತ್ರ ಬರೆಯೋಕೆ ಮುಖ್ಯ ಕಾರಣಕ್ಕೆ ಬರ್ತೀನಿ.

ಮೇಸ್ತ್ರಿಗೆ ಒಂದು ಕೊರಗು ಯಾವಾಗ್ಲೂ ಇತ್ತು. ಆರ್ಮೀಲಿ ಗಾಡಿ ರಿಪೇರಿ ಮಾಡಿದ್ದಕ್ಕೆ ಅವರಿಗೆ ಪಿಂಚಣಿ ಬರತ್ತೆ, ಕ್ಯಾಂಟೀನ್ ಇದೆ, ಆಸ್ಪತ್ರೆ ಸೌಲಭ್ಯ ಇದೆ. ಅದೇ ಕೆಲಸ, ಅದೇ ಪಾನಾ, ಅದೇ ಗ್ರೀಸು, ಅದನ್ನ ಮಾಡೋ ಗ್ಯಾರೇಜ್ ಹುಡುಗನಿಗೆ ಏನೂ ಇಲ್ಲ. ಕೆಲಸಗಾರರ ಆರೋಗ್ಯ ವಿಮೆ ಇಎಸ್‌ಐ ಬರ್ಬೇಕು ಅಂದ್ರೆ ಒಂದು ಕಡೆ 10 ಜನ ಕೆಲಸಕ್ಕೆ ಇರ್ಬೇಕು, ಪಿಎಫ್ ಅಂದ್ರೆ 20. ನಮ್ಮ ಕಡೆ ಗ್ಯಾರೇಜ್ ಅಂದ್ರೆ ಮೇಸ್ತ್ರಿ ಒಬ್ಬ, ಹುಡುಗ್ರು ಇಬ್ಬರೋ ಮೂವರೋ. ಹಾಗಾಗಿ ಕಾನೂನು ಪ್ರಕಾರ ನಾವು ಯಾವ ಲೆಕ್ಕಕ್ಕೂ ಬರಲ್ಲ. "ನಂಗೆ ಸರ್ಕಾರ ಕೊಡತ್ತೆ, ನಿಮಗೆ ಯಾರು ಕೊಡ್ತಾರೆ ಮಾರಾಯಾ" ಅಂತ ಸಂಬಳದ ದಿನ ಪ್ರತಿ ಸಲ ಹೇಳೋರು. ಹೇಳಿ ಸುಮ್ನಾಗ್ಲಿಲ್ಲ. ನಾವು ಸೇರಿದ ತಿಂಗಳಿಂದಾನೇ ಪ್ರತಿಯೊಬ್ಬ ಹುಡುಗನ ಹೆಸರಲ್ಲಿ ಪೋಸ್ಟ್ ಆಫೀಸಲ್ಲಿ ತಿಂಗಳ ಉಳಿತಾಯದ ಆರ್‌ಡಿ, ನಮ್ಮ ಸಂಬಳದಿಂದ ಸ್ವಲ್ಪ, ಅವರ ಕೈಯಿಂದ ಅಷ್ಟೇ. ಪಾಸ್ ಪುಸ್ತಕ ಮಾತ್ರ ನಮ್ಮ ಕೈಗೆ ಕೊಡ್ತಿರ್ಲಿಲ್ಲ, ಕುಡಿದು ಹಾಳು ಮಾಡ್ತೀವಿ ಅಂತ ಭಯ. ನನ್ನ ತೀರ್ಥಹಳ್ಳಿ ಗ್ಯಾರೇಜಿಗೆ ಹಾಕಿದ ಮೊದಲ ಬಂಡವಾಳ ಆ ಆರ್‌ಡಿ ದುಡ್ಡೇ. 2015ರಲ್ಲಿ ಅಟಲ್ ಪಿಂಚಣಿ ಬಂದಾಗ 40 ವರ್ಷದೊಳಗಿನ ಹುಡುಗ್ರನ್ನೆಲ್ಲ ಬ್ಯಾಂಕಿಗೆ ಸಾಲಾಗಿ ಕರ್ಕಂಡು ಹೋದ್ರು, ನನ್ನನ್ನೂ ತೀರ್ಥಹಳ್ಳಿಯಿಂದ ಕರೆಸಿದ್ರು. ಹತ್ತನೇ ಕ್ಲಾಸ್ ಫೇಲಾಗಿ ಬಂದೋರಿಗೆ ಸಪ್ಲಿಮೆಂಟರಿ ಫೀಸ್ ಕಟ್ಟಿ ಪರೀಕ್ಷೆ ಬರೆಸೋದು, ಲೈಸೆನ್ಸ್ ಮಾಡ್ಸೋದು ಇವೂ ಸೇರಿದ್ವು, ನಾನು ಪಾಸಾಗಿದ್ದು ಹಂಗೇ.

ಗ್ಯಾರೇಜಲ್ಲಿ ಎರಡು ವಿಷಯಕ್ಕೆ ಮಾತ್ರ ಅವರಿಗೆ ಕೋಪ ಬರ್ತಿತ್ತು. ಬರೀ ಜಾಕಿ ಮೇಲೆ ನಿಂತಿರೋ ಗಾಡಿ ಕೆಳಗೆ ಹೋದ್ರೆ, ಮತ್ತೆ ಬ್ರೇಕ್ ಡ್ರಮ್ ಬಿಚ್ಚಿದ ತಕ್ಷಣ ಏರ್ ಹೊಡೆದ್ರೆ. ಹಳೇ ಬ್ರೇಕ್ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರತ್ತೆ, ಆ ಧೂಳು ಶ್ವಾಸಕೋಶಕ್ಕೆ ಹೋದ್ರೆ ವಾಪಸ್ ಬರಲ್ಲ, ಒದ್ದೆ ಬಟ್ಟೇಲಿ ಒರೆಸ್ಬೇಕು ಅನ್ನೋರು. ಕೆಲವು ವರ್ಷದ ಹಿಂದೆ ಬೇರೆ ಊರಿನ ಒಂದು ಗ್ಯಾರೇಜಲ್ಲಿ ಜಾಕಿ ಜಾರಿ ಒಬ್ಬ ಹುಡುಗ ಹೋಗ್ಬಿಟ್ಟ, ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು, ಅವನ ತಾಯಿಗೆ ಕೈಗೆ ಬಂದಿದ್ದು ಊರವರು ಎತ್ತಿದ ಚಂದಾ ಮಾತ್ರ. ಮೇಸ್ತ್ರಿ ಆ ಮನೆಗೆ ಹೋಗಿ ಬಂದೋರು ಎರಡು ದಿನ ಊಟ ಸರಿಯಾಗಿ ಮಾಡ್ಲಿಲ್ಲ. ಅವತ್ತಿಂದ ಆಟೋ ಕಾಂಪ್ಲೆಕ್ಸ್ ಅಂಗಡಿ ಅಂಗಡಿಗೆ ಹೋಗಿ ಆ ಕಾರ್ಡ್ ಮಾಡ್ಸಿದ್ಯಾ ಈ ಕಾರ್ಡ್ ಮಾಡ್ಸಿದ್ಯಾ ಅಂತ ಕೇಳೋದೇ ಕೆಲಸ. ಅಸಂಘಟಿತ ಕಾರ್ಮಿಕರ ಹೆಸರು ನೋಂದಾಯಿಸೋ ಇ-ಶ್ರಮ್ 2021ರಲ್ಲಿ ಬಂತಲ್ಲ, ಆಗ 72 ವರ್ಷ ಅವರಿಗೆ, ಮೊಮ್ಮಗನ ಹತ್ರ ಮೊಬೈಲಲ್ಲಿ ಹಾಕೋದು ಕಲ್ತು ಎಷ್ಟೋ ಜನಕ್ಕೆ ತಾವೇ ಕೂತು ಮಾಡಿಕೊಟ್ರು, ಒಟಿಪಿ ಬರದಿದ್ರೆ ಆಧಾರ್‌ಗೆ ನಂಬರ್ ಲಿಂಕ್ ಮಾಡ್ಸೋಕೆ ಕಳ್ಸೋರು.

ಈಗ ರಾಜ್ಯ ಸರ್ಕಾರ 2024ರಲ್ಲಿ ಮೋಟಾರು ಸಾರಿಗೆ ಮತ್ತು ಇತರೆ ಸಂಬಂಧಿತ ಕಾರ್ಮಿಕರಿಗೆ ಅಂತ ಕಾನೂನು ಮಾಡಿ ಸಾಮಾಜಿಕ ಭದ್ರತಾ ಮಂಡಳಿ ಮಾಡಿದೆ. ಅದರಲ್ಲಿ ಡ್ರೈವರ್, ಕಂಡಕ್ಟರ್, ಕ್ಲೀನರ್ ಮಾತ್ರ ಅಲ್ಲ ಗ್ಯಾರೇಜ್ ಕೆಲಸದವರೂ ಬರ್ತಾರೆ. ಹೆಸರು ನೋಂದಾಯಿಸಿದ್ರೆ ಮಾತ್ರ ಸೌಲಭ್ಯ. ಇದು ಗೊತ್ತಾದಾಗ ಮೇಸ್ತ್ರಿ ಎಷ್ಟು ಖುಷಿಪಟ್ರು ಅಂದ್ರೆ, ಸ್ವಂತ ಪಿಂಚಣಿ ಜಾಸ್ತಿ ಆದಾಗಲೂ ಅಷ್ಟು ಖುಷಿ ನಾನು ನೋಡಿಲ್ಲ. ಆದ್ರೆ ನಮ್ಮ ಜಿಲ್ಲೇಲಿ ಎಷ್ಟು ಹುಡುಗ್ರಿಗೆ ಇದು ಗೊತ್ತಿದೆ? ನಾನು ತೀರ್ಥಹಳ್ಳೀಲಿ ಕೇಳಿದವರಲ್ಲಿ ಬಹಳ ಜನ ಅದು ಡ್ರೈವರ್‌ಗಳಿಗೆ ಅಲ್ವಾ ಅಂತಾರೆ. ದಿನಗೂಲಿ ಬಿಟ್ಟು ಕಚೇರಿಗೆ ಅಲೆಯೋಕೆ ಆಗಲ್ಲ, ಮಾಲೀಕನ ಸಹಿ ಹಾಕ್ಸೋಕೆ ಸಂಕೋಚ, ದಾಖಲೆ ಊರಲ್ಲಿ ಇರತ್ತೆ.

ನನ್ನ ಕೋರಿಕೆ ಇಷ್ಟೇ ಸಾರ್. ಕಾರ್ಮಿಕ ಇಲಾಖೆಯೋರು ಒಂದು ದಿನ ಆಟೋ ಕಾಂಪ್ಲೆಕ್ಸಿಗೇ ಬಂದು ಟೇಬಲ್ ಹಾಕಿ ಕೂತು ನೋಂದಣಿ ಮಾಡ್ಲಿ, ಆಮೇಲೆ ಭದ್ರಾವತಿ, ಸಾಗರ, ತೀರ್ಥಹಳ್ಳಿ, ಹೊಸನಗರ, ಸೊರಬ, ಶಿಕಾರಿಪುರದಲ್ಲೂ ಒಂದೊಂದು ದಿನ. ಮಂಗಳವಾರ ನಮ್ಮಲ್ಲಿ ಬಹಳಷ್ಟು ಗ್ಯಾರೇಜಿಗೆ ರಜೆ, ಆವತ್ತು ಇಟ್ರೆ ಯಾರ ಕೂಲೀನೂ ಹೋಗಲ್ಲ. ಏನೇನು ದಾಖಲೆ ಬೇಕು ಅಂತ ನಿಮ್ಮ ಪತ್ರಿಕೇಲಿ ದೊಡ್ಡದಾಗಿ ಒಂದು ಸಲ ಹಾಕಿ, ನಾವು ಜೆರಾಕ್ಸ್ ಮಾಡಿ ಅಂಗಡಿ ಅಂಗಡಿಗೆ ಅಂಟಿಸ್ತೀವಿ. ಗ್ಯಾರೇಜ್ ಮಾಲೀಕರಿಗೂ ಹೇಳ್ತೀನಿ, ಹುಡುಗನ ಅರ್ಜಿಗೆ ಸಹಿ ಹಾಕಿದ್ರೆ ನಮ್ಮ ಮೇಲೆ ಕೇಸ್ ಬರತ್ತೆ ಅಂತ ಹೆದರ್ಬೇಡಿ, ನಾನು ನನ್ನ ಇಬ್ಬರಿಗೂ ಹಾಕಿದೀನಿ, ಏನೂ ಆಗಿಲ್ಲ.

ಮೇಸ್ತ್ರಿ ಅಂತ್ಯಕ್ರಿಯೆ ದಿನ ಮಾಜಿ ಸೈನಿಕರು ಬಂದು ಹೂಗುಚ್ಛ ಇಟ್ಟು ಸೆಲ್ಯೂಟ್ ಹೊಡೆದ್ರು, ಆಟೋ ಕಾಂಪ್ಲೆಕ್ಸ್‌ನಲ್ಲಿ ಮಧ್ಯಾಹ್ನದವರೆಗೂ ಶಟರ್ ಎಳೆದಿದ್ರು, ಬಸ್ ಡ್ರೈವರ್‌ಗಳು ಡ್ಯೂಟಿ ಬದಲಾಯಿಸ್ಕಂಡು ಬಂದಿದ್ರು. ಹೆಗಲು ಕೊಟ್ಟಿದ್ದು ಮಗ, ಇಬ್ಬರು ಹೆಣ್ಮಕ್ಕಳು ಮತ್ತೆ ನಾವು ಹುಡುಗ್ರು. ಗ್ಯಾರೇಜ್ ಮುಚ್ಚಿಲ್ಲ. ಅವರ ಹತ್ರ ಕೊನೇಲಿ ಇದ್ದ ಮೂವರೇ ನಡೆಸ್ತಿದಾರೆ, ಬಾಡಿಗೆ ಕರಾರು ಅವರ ಹೆಸರಿಗೆ ಆಗಿದೆ. ಮಂಡಳಿ ನೋಂದಣಿಗೆ ಮೂವರದ್ದೂ ಅರ್ಜಿ ಹೋಗಿದೆ, ಕಾರ್ಡ್ ಇನ್ನೂ ಬರ್ಬೇಕು.

ಇಂತಿ,
ಮಿಲ್ಟ್ರಿ ಮೇಸ್ತ್ರಿ ಹತ್ರ ಕೆಲಸ ಕಲಿತ ಒಬ್ಬ ಮೆಕ್ಯಾನಿಕ್
ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ